ಪ್ರವೊತೊ ಅಜ್ಜನ ಗಂಟಲು

ಪ್ರವೊತೊ ಅಜ್ಜನ ಗಂಟಲು ಚಿತ್ರದಲ್ಲಿ ಕೆಂಡದಂತೆ ಹೊಳೆಯುತ್ತಿತ್ತು. ಇಂಡೊನೇಷ್ಯಾದ ಯೋಗ್ಯಕರ್ತದ ಒಂದು ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ನಡೆಸುವ ಪಲೂಪಿಗೆ ಅನುಮಾನ ಬಂತು. ಅಜ್ಜ ತೊಗಲುಗೊಂಬೆ ಆಡಿಸುವವನು. ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟಿರುವುದು ಮೊದಲೇ ಗೊತ್ತಿತ್ತು. ಅದೊಂದೇ ಆದರೆ ಕೊಯ್ದು ತೆಗೆಯಬಹುದು. ಗಂಟಲಿಗೂ ಹಬ್ಬಿದ್ದರೆ ಆ ಆಸೆಯೂ ಇಲ್ಲ.

ಮೊದಲು ಯಂತ್ರವನ್ನೇ ಶಂಕಿಸಿದಳು. ಸೂಜಿಯಲ್ಲಿ ಕೊಟ್ಟ ವಿಕಿರಣದ ಸಕ್ಕರೆಯನ್ನು ಹೆಚ್ಚು ದುಡಿಯುವ ಜೀವಕೋಶಗಳು ಹೆಚ್ಚು ಹೀರುತ್ತವೆ. ಅಲ್ಲಿಂದ ಹೊಮ್ಮಿದ ಪಾಸಿಟ್ರಾನ್ ಕಣ ಎಲೆಕ್ಟ್ರಾನಿಗೆ ತಾಗಿ, ಎರಡೂ ಅಳಿದು, ಎರಡು ಕಿರಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಓಡುತ್ತವೆ. ಮೈ ಸುತ್ತಲಿನ ಯಂತ್ರದ ಬಳೆಯಲ್ಲಿ ಎರಡು ಹರಳುಗಳು ಒಟ್ಟಿಗೇ ಮಿನುಗಿದರೆ ಮಾತ್ರ ಯಂತ್ರ ನಂಬಿ, ನಡುವೆ ಗೆರೆ ಎಳೆಯುತ್ತದೆ. ಅಂಥ ಲಕ್ಷಾಂತರ ಗೆರೆಗಳು ಸೇರಿ ಚಿತ್ರ. ಬೆಳಗಿನ ತಪಾಸಣೆಯಲ್ಲಿ ಹರಳುಗಳೆಲ್ಲ ಸರಿಯಾಗಿದ್ದವು. ಹಾಗಾದರೆ ಅಜ್ಜನೇ ಏನಾದರೂ ಮಾಡಿದನೇ?

"ಸೂಜಿ ಚುಚ್ಚಿದ್ಮೇಲೆ ಮಾತಾಡ್ಬಾರ್ದು ಅಂದಿದ್ದೆ. ಮಾತಾಡಿದ್ರಾ ಅಜ್ಜ?"

"ನಾನಾ? ತುಟಿ ಪಿಟಕ್ಕಂದಿಲ್ಲ. ಒಬ್ನೇ ಕೂತಿದ್ದೆ, ಗೋಡೆ ಜೊತೆ ಮಾತಾಡ್ಲಾ?"

ಹಾಗೆಂದವನು ಅವಳ ಮುಖ ನೋಡಲಿಲ್ಲ. ಬಾಗಿಲಲ್ಲಿದ್ದ ಹೆಂಡತಿ ತುಮಿನಿ ನಕ್ಕುಬಿಟ್ಟಳು. "ಇವ್ರು ಸುಮ್ನಿರೋದಾ? ನಿದ್ದೇಲೂ ಭೀಮನ ಥರ ಗದರ್ತಾರೆ! ನಿಜ ಹೇಳ್ರೀ."

ಅಜ್ಜ ಶರಟಿನ ಗುಂಡಿ ತಿರುವುತ್ತ ಕೂತ. "ಹೆದರ್ಕೆ ಆಯ್ತು ಮಗಾ. ಭೀಮನ ದನೀಲಿ ನನ್ನನ್ನೇ ಬೈಕೊಂಡೆ. ಆಮೇಲೆ ನಮ್ಮ ಗೊಂಬೆಯಾಟದ ವಿದೂಷಕ ಸೆಮಾರನ ದನೀಲಿ ಸಮಾಧಾನ ಮಾಡ್ಕೊಂಡೆ. ಪಿಸುಗುಟ್ಟಿದ್ದು ಅಷ್ಟೇ. ಇಷ್ಟಕ್ಕೆಲ್ಲ ಹೆದರ್ದ ಅಂತ ಊರವ್ರು ನಗಲ್ವಾ?"

ಮಾತಾಡಿದರೆ ಗಂಟಲಿನ ಸ್ನಾಯುಗಳೂ ಸಕ್ಕರೆ ಹೀರುತ್ತವೆ. ಆದರೂ ಒಮ್ಮೆ ಸುಳ್ಳಾಡಿದವನ ಮಾತನ್ನು ಪಲೂಪಿ ಪೂರ್ತಿ ನಂಬಲಿಲ್ಲ, ಚಿತ್ರ ನೋಡುವ ವೈದ್ಯೆಯೂ ನಂಬಲಿಲ್ಲ. ಮುಂದಿನ ವಾರ ಮತ್ತೆ ಸೂಜಿಯಾಯಿತು. ಪಲೂಪಿ ಕ್ಯಾಮೆರಾದಲ್ಲಿ ಅವನ ತುಟಿಯನ್ನೇ ಕಾದಳು. ಸ್ವಲ್ಪ ಹೊತ್ತಿಗೆ ಅಜ್ಜನ ಗದ್ದ ನಡುಗತೊಡಗಿತು. ಅವಳಿಗೆ ತಡೆಯಲಾಗಲಿಲ್ಲ, ಮೈಕು ಹಿಡಿದಳು.

"ನೀವು ಬಾಯಿ ಬಿಡ್ಬೇಡಿ. ಈ ಸಲ ಭೀಮನ ಮಾತು ನಾನಾಡ್ತೀನಿ."

ಆಡಿದಳು, ಕೆಟ್ಟದಾಗಿ. ಅಜ್ಜ ಮುಖ ಕಿವುಚಿಕೊಂಡರೂ ತುಟಿ ಬಿಗಿದೇ ಕೂತ.

ಈ ಸಲದ ಚಿತ್ರದಲ್ಲಿ ಗಂಟಲು ಹೊಳೆಯದೆ ಕಪ್ಪಾಗಿತ್ತು. ಎದೆಯಲ್ಲಿ ಗಂಟೊಂದೇ ಉರಿಯುತ್ತಿತ್ತು. ವೈದ್ಯೆ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಶಸ್ತ್ರಚಿಕಿತ್ಸೆ ಮಾಡಬಹುದೆಂದರು.

"ಖಂಡಿತಾನಾ?" ತುಮಿನಿ ಪಲೂಪಿಯನ್ನು ದುರುಗುಟ್ಟಿ ನೋಡಿದಳು. "ಇವ್ರ ಥರ ನೀವೂ ಏನೂ ಮುಚ್ಚಿಡ್ತಿಲ್ಲ ತಾನೇ?"

ಪಲೂಪಿ ಅವಳನ್ನು ಒಳಗೆ ಕರೆದು, ಚಿತ್ರದ ಮುಂದೆ ಕೂರಿಸಿ, "ನೀವೇ ನೋಡಿ" ಎಂದಳು.