ಉಲಟತಪಾಸಿನ ನಕಲು

ತಾನು ಆಡಿದ ಮಾತನ್ನು ತಾನೇ ಮತ್ತೆ ಕೇಳಬೇಕೆಂದರೆ ಸರಕಾರಕ್ಕೆ ಫೀ ಕಟ್ಟಬೇಕಾಗುತ್ತದೆ ಎಂಬುದು ಗೈಬುಸಾಬನಿಗೆ ಅರವತ್ತು ದಾಟಿದ ಮೇಲೆ ಗೊತ್ತಾಯಿತು. ಹೂವಿನ ಹಿಪ್ಪರಗಿಯಿಂದ ಮುಂಜಾನೆಯ ಬಸ್ಸು ಹಿಡಿದು ಬಾಗೇವಾಡಿಗೆ ಬಂದು, ಕೋರ್ಟಿನ ಹಿಂದುಗಡೆಯ ನಕಲು ಕೋಣೆಯ ಕಿಟಕಿಗೆ ಮುಖ ಕೊಟ್ಟು ನಿಂತಿದ್ದ. ಒಳಗೆ ನಕಲು ಬರೆಯುವ ಚನ್ನಬಸಯ್ಯ ಟಾಕಿನ ತುದಿಯನ್ನು ತಲೆಗೂದಲಿಗೆ ಒರೆಸುತ್ತ ಕೂತಿದ್ದ.

"ಯಾವ ದಾವಾ, ಕಾಕಾ?"

"ಬಾವೀದುರಿ."

"ಬಾವಿ ದಾವಾ ಕಪಾಟ ತುಂಬ ಅದಾವ. ನಮ್ಮ ತಾಲೂಕಿನ್ಯಾಗ ಬಾವ್ಯಾಗಿನ ನೀರಿಗಿಂತ ಬಾವಿ ದಾವಾನ ಜಾಸ್ತಿ. ನಂಬರ ಹೇಳ್ರಿ."

"ನಂಬರ ನನಗೇನು ಗೊತ್ತರಿ."

"ಇಸವಿ?"

"ನಮ್ಮ ಹಜರಾಬಿ ತೀರಿಕೊಂಡ ಮರುವರ್ಷ."

ಚನ್ನಬಸಯ್ಯ ಟಾಕು ಕೆಳಗಿಟ್ಟ. "ಸರಕಾರದ ಪುಸ್ತಕದಾಗ ಹಜರಾಬಿ ಅನ್ನೂ ಇಸವಿ ಇಲ್ಲ, ಕಾಕಾ. ರಜಾಕಾರರ ಗದ್ದಲಕ್ಕಿಂತ ಮೊದಲೊ, ಆಮ್ಯಾಲೊ?"

"ಆಮ್ಯಾಲೆ. ಒಂದು ಸುಗ್ಗಿ ಮುಗಿದಿತ್ತು."

"ಅಂದ್ರ ನಲವತ್ತೊಂಬತ್ತು, ಇಲ್ಲಾ ಐವತ್ತು. ಎರಡು ವರ್ಷದ ದಫ್ತರ ಬಿಚ್ಚಬೇಕು. ಹುಡುಕೂ ಫೀ ವರ್ಷಕ್ಕ ನಾಲ್ಕಾಣೆ. ಈಗ ಆಣೆ ಹೋಗಿ ನಯೇ ಪೈಸೆ ಬಂದಾವ, ಇಪ್ಪತ್ತೈದು ಇಪ್ಪತ್ತೈದು ಐವತ್ತಾತು. ಅರ್ಜಿಗೆ ಹಚ್ಚೂ ಕೋರ್ಟ್ ಫೀ ಟಿಕೀಟು ಬ್ಯಾರೆ. ನೀವು ವಾದಿಯೋ, ಪ್ರತಿವಾದಿಯೋ?"

"ಎರಡೂ ಅಲ್ಲ. ಸಾಕ್ಷಿ."

"ಹಂಗಾರ ಮೂರನೇದವರು ಅಂತ ಬರೀತೇನಿ. ಅದಕ್ಕ ಪ್ರತಿಜ್ಞಾಪತ್ರ ಬೇಕು, ಅದಕೊಂದು ಟಿಕೀಟು."

"ಮಾತು ನಂದು, ಬಾಯಿ ನಂದು. ನಾನು ಮೂರನೇದವ ಹ್ಯಾಂಗ ಆದ್ನಿ?"

"ಹೆಬ್ಬಟ್ಟು ಒತ್ತೂತನಕ ಮಾತು ನಿಮ್ಮದು. ಒತ್ತಿದ ಮ್ಯಾಲೆ ಸರಕಾರದ್ದು." ಚನ್ನಬಸಯ್ಯ ನಗಲಿಲ್ಲ. ದಿನಕ್ಕೆ ಹತ್ತು ಸಲ ಹೇಳಿದ ಮಾತು, ನಗೆ ಎಲ್ಲಿಂದ ಬರಬೇಕು? "ನಕಲು ಯಾಕ ಬೇಕು ಅಂತ ಬರೀಲಿ?"

"ಯಂಕಂಚಿಯೊಳಗ ನಮ್ಮ ಗೆಳ್ಯಾನ ಮನಿಯವರು, ಸಿದ್ದಲಿಂಗವ್ವ ವೈನಿ, ಅದಾರ. ಅವರಿಗೆ ತೋರಸಬೇಕು."

"ಅವರಿಗೆ ಓದಾಕ ಬರ್ತೈತೇನು?"

"ಇಲ್ಲರಿ."

"ನಿಮಗ?"

"ನನಗೂ ಇಲ್ಲ."

ಚನ್ನಬಸಯ್ಯ ಅವನನ್ನು ಒಂದು ಗಳಿಗೆ ನೋಡಿ, 'ಸ್ವಂತ ಮಾಹಿತಿಗಾಗಿ' ಎಂದು ಬರೆದ. "ನೂರು ಶಬ್ದಕ್ಕ ಎರಡಾಣೆ ಬೀಳ್ತೈತಿ. ನಿಮ್ಮ ಕಡೆ ವಕೀಲರು ಕೇಳಿದ್ದು ಸರತಪಾಸ. ಎದುರಿನವರು ಕೇಳಿದ್ದು ಉಲಟತಪಾಸ. ಎರಡೂ ಬೇಕೇನು?"

"ನಮ್ಮ ವಕೀಲರು ಕೇಳಿದ್ದಷ್ಟ ಸಾಕರಿ. ಸಾಕ್ಷಿ ನುಡಿದದ್ದು ಅಲ್ಲೇ. ಆ ಇನ್ನೊಬ್ಬ ವಕೀಲರು ಸುಮ್ಮನ ಮಾತಾಡಿಸಿದ್ರು. ಛಲೋ ಮನಷ್ಯಾ."

ಎಂಟು ದಿನ ಬಿಟ್ಟು ಬರಲು ಹೇಳಿಸಿಕೊಂಡು ಗೈಬುಸಾಬ ಊರಿಗೆ ಮರಳಿದ.

ಗೈಬುಸಾಬ ಬಾವಿಗೆ ಕಲ್ಲು ಕಟ್ಟುವವನು. ಸುತ್ತಿನ ಹದಿನಾಲ್ಕು ಹಳ್ಳಿಗಳ ನೀರು ಅವನು ಕಟ್ಟಿದ ಕಲ್ಲಿನ ನಡುವೆ ನಿಂತಿದೆ. ಗುರಪ್ಪ ಅವನ ಜೀವದ ಗೆಳೆಯ. ಗುರಪ್ಪನ ಹೊಲಕ್ಕೂ ಸಂಗನಬಸಪ್ಪ ಸಾಹುಕಾರನ ಹೊಲಕ್ಕೂ ನಡುವಿನ ಬದುವಿನಲ್ಲಿ ಆ ಇಬ್ಬರು ಹೊಲದವರೂ ಕೂಡಿ ಗೈಬುಸಾಬನ ಕೈಯಿಂದ ಒಂದು ಬಾವಿ ತೆಗೆಸಿದರು. ಕಾಗದ ಮಾಡಲಿಲ್ಲ. ಆ ಕಡೆ ಯಾರೂ ಬಾವಿಗೆ ಕಾಗದ ಮಾಡುತ್ತಿರಲಿಲ್ಲ. ಬಾವಿ ಯಾರದೋ ಅವರ ಮನೆಯಿಂದ ಕೆಲಸದವರಿಗೆ ರೊಟ್ಟಿ ಬರಬೇಕು, ಅದೇ ಕಾಗದ. ಒಂದು ದಿನ ಗುರಪ್ಪನ ಮನೆಯ ರೊಟ್ಟಿ, ಒಂದು ದಿನ ಸಾಹುಕಾರನ ಮನೆಯದು, ಹೀಗೆ ನಾಲ್ಕು ತಿಂಗಳು ನಡೆದಿತ್ತು. ಗುರಪ್ಪ ಸತ್ತ ಮೇಲೆ ಸಾಹುಕಾರ ಬಾವಿ ತನ್ನೊಬ್ಬನದೆಂದು ಬೇಲಿ ಹಾಕಿದ. ಗುರಪ್ಪನ ಹೆಂಡತಿ ಸಿದ್ದಲಿಂಗವ್ವ ದಾವಾ ಹೂಡಿದಳು. ರೊಟ್ಟಿ ಉಂಡವರಲ್ಲಿ ಬದುಕಿ ಉಳಿದವನು ಗೈಬುಸಾಬ ಒಬ್ಬನೇ. ಅವನೇ ಸಾಕ್ಷಿ.

ದಾವಾ ಬಿದ್ದುಹೋಯಿತು. ನೀರಿಲ್ಲದ ಹೊಲವನ್ನು ಸಿಕ್ಕಷ್ಟಕ್ಕೆ ಮಾರಿ ಸಿದ್ದಲಿಂಗವ್ವ ತವರುಮನೆ ಯಂಕಂಚಿಗೆ ಹೊರಟಳು. ಹೋಗುವ ದಿನ ಓಣಿಯ ಮನೆಮನೆಗೂ ಹೋಗಿ ಹೋಗಿಬರುತ್ತೇನೆಂದು ಹೇಳಿದಳು. ಗೈಬುಸಾಬನ ಮನೆಯ ಮುಂದೆ ಮಾತ್ರ ಸೆರಗು ಮುಂದೆಳೆದುಕೊಂಡು ಹಾದುಹೋದಳು. ಅವನು ಹೊಸ್ತಿಲಲ್ಲೇ ಕೂತಿದ್ದ. ಅವನದು ಹೆಂಡತಿ ಹಜರಾಬಿ ಇಲ್ಲದ ಮನೆ, ಮಕ್ಕಳಿಲ್ಲದ ಮನೆ. ಹಬ್ಬ ಹುಣ್ಣಿಮೆಗೆ ಅವನ ಹೆಸರಿನಲ್ಲಿ ತಾಟು ತೆಗೆದಿಡುವ ಮನೆ ಊರಲ್ಲಿ ಗುರಪ್ಪನದೊಂದೇ ಇತ್ತು, ಅದೂ ಎದ್ದುಹೋಯಿತು. ಒಂಬತ್ತು ವರ್ಷ ಅವನು ಒಂದೇ ಮಾತನ್ನು ಗೋಡೆಗೆ, ಎಮ್ಮೆಗೆ, ಒಮ್ಮೊಮ್ಮೆ ಬಾವಿಯ ತಳದಲ್ಲಿ ಕಲ್ಲಿಗೆ ಹೇಳುತ್ತ ಬಂದ: ನಾ ಖರೇನ ಹೇಳೇನಿ, ವೈನಿ. ಎರಡೂ ಮನಿ ರೊಟ್ಟಿ ಅಂತನ ಹೇಳೇನಿ.

ಈಗ ಕೆಲಸಕ್ಕೆ ಕೈ ನಡೆಯುತ್ತಿರಲಿಲ್ಲ. ಸಾಯುವ ಮುಂಚೆ ಆ ಮಾತನ್ನು ಸರಕಾರದ ಮುದ್ರೆ ಸಮೇತ ಅವಳ ಮುಂದಿಟ್ಟು, ನೋಡು, ನಾ ನಿನಗ ಎರಡು ಬಗದಿಲ್ಲ ಎಂದು ಹೇಳಬೇಕು. ಅಷ್ಟೇ ಅವನ ಆಸೆ.

ಎಂಟು ದಿನದ ಮೇಲೆ ಚನ್ನಬಸಯ್ಯ ನಕಲನ್ನು ದಾರ ಹಾಕಿ ಹೊಲಿದು ಸಿದ್ಧವಾಗಿಟ್ಟಿದ್ದ. ಓದಿ ಹೇಳಿದ. "'ಬಾವಿ ತೋಡುವ ಕಾಲಕ್ಕೆ ಒಂದು ದಿನ ಗುರಪ್ಪನ ಮನೆಯಿಂದಲೂ ಒಂದು ದಿನ ಪ್ರತಿವಾದಿಯ ಮನೆಯಿಂದಲೂ ನಮಗೆ ರೊಟ್ಟಿ ಬರುತ್ತಿದ್ದವು. ನಮ್ಮ ಕಡೆ ಬಾವಿ ಯಾರದೋ ಅವರೇ ರೊಟ್ಟಿ ಕೊಡುವ ರೂಢಿ ಇದೆ. ಬಾವಿ ಇಬ್ಬರದು.'"

ಗೈಬುಸಾಬ ಕಿಟಕಿಯ ಸರಳು ಹಿಡಿದುಕೊಂಡ. "ಹಿಂಗ ಹೇಳೇನಲ್ಲರಿ ನಾನು?"

"ಹಿಂಗ ಹೇಳೀರಿ."

"ಹಂಗಾರ ಇವತ್ತ ಸಿಂದಗಿ ಬಸ್ಸು ಹಿಡಿದು ಯಂಕಂಚಿಗೆ ಹೋಗ್ತೇನಿ."

ಚನ್ನಬಸಯ್ಯ ಕಾಗದ ಕೊಡಲಿಲ್ಲ. ಮಸಿ ದೌತಿಯ ಮುಚ್ಚಳ ಹಾಕಿದ, ತೆಗೆದ. "ಕಾಕಾ, ದಾವಾ ಯಾಕ ಬಿತ್ತು ಅಂತ ನಿಮಗ ಯಾರೂ ಹೇಳಿಲ್ಲೇನು?"

"ಸಾಹುಕಾರರ ಕೈ ಉದ್ದ. ಬೀಳದ ಏನ ಮಾಡ್ತೈತಿ?"

"ಉಲಟತಪಾಸ ಒಂದು ಸಲ ಕೇಳ್ರಿ. ನಕಲು ಬ್ಯಾಡ. ಅಸಲ ಕಾಗದ ನೋಡಾಕ ತಾಸಿಗೆ ಎಂಟಾಣೆ ಫೀ ಐತಿ. ನೀವು ಕಟ್ರಿ, ನಾ ಓದ್ತೇನಿ."

ಬಸ್ಸಿನ ಹಣದಲ್ಲಿ ಐವತ್ತು ಪೈಸೆ ತೆಗೆದು ಕೊಟ್ಟು ಗೈಬುಸಾಬ ಒಳಗೆ ಹೋಗಿ ನೆಲದ ಮೇಲೆ ಕೂತ. ಚನ್ನಬಸಯ್ಯ ಹಳದಿಯಾದ ಹಾಳೆ ತಿರುವಿದ. ಕೆಳಗೆ ಹೆಬ್ಬಟ್ಟಿನ ಗುರುತು, ನಡುವೆ ಉಳಿ ತಾಗಿದ ಅಡ್ಡ ಗಾಯ. ಅದು ತನ್ನದೇ ಎನ್ನಲು ಓದು ಬೇಕಿರಲಿಲ್ಲ.

"'ಗುರಪ್ಪನೂ ನಾನೂ ಸಣ್ಣಂದಿನಿಂದ ಗೆಳೆಯರು. ಅವನ ಮನೆಯಲ್ಲಿ ನಾನು ಯಾವಾಗಲೂ ಉಣ್ಣುತ್ತಿದ್ದೆ. ಬಾವಿಯ ಕೆಲಸ ಇಲ್ಲದಾಗಲೂ ಉಣ್ಣುತ್ತಿದ್ದೆ. ನಾನು ಎಲ್ಲಿ ಕೆಲಸಕ್ಕೆ ಹೋದರೂ ಗುರಪ್ಪ ಅಲ್ಲಿಗೆ ರೊಟ್ಟಿ ಕಳಿಸುತ್ತಿದ್ದ. ಒಮ್ಮೆ ಮುದ್ದೇಬಿಹಾಳ ಕಡೆ ಬೇರೆಯವರ ಬಾವಿ ಕಟ್ಟುವಾಗ ತಾನೇ ಹೊತ್ತು ತಂದಿದ್ದ.'"

ಗೈಬುಸಾಬನ ಮುಖ ಅರಳಿತು. "ಹೌದು, ತಂದಿದ್ದ. ಕಾಲಾಗ ಮುಳ್ಳು ಮುರಕೊಂಡು ಬಂದಿದ್ದ. ಆ ವಕೀಲರು ಎಷ್ಟು ಛಂದ ಕೇಳಿದ್ರು ಗೊತ್ತೇನರಿ? ಗುರಪ್ಪ ಹ್ಯಾಂಗಿದ್ದ ಅಂತ ಅವತ್ತಿನ ತನಕ ನನ್ನ ಯಾರೂ ಕೇಳಿರಲಿಲ್ಲ."

ಚನ್ನಬಸಯ್ಯ ತಲೆ ಎತ್ತದೆ ಮುಂದೆ ಓದಿದ. "'ಬಾವಿ ತೋಡುವಾಗ ಗುರಪ್ಪನ ಮನೆಯಿಂದ ಬಂದ ರೊಟ್ಟಿ ಗೆಳೆತನದಿಂದ ನನಗಾಗಿ ಬಂದಿದ್ದೀತು. ಬಾವಿ ಅವನದಲ್ಲದಿದ್ದರೂ ಅವನು ಕಳಿಸುತ್ತಿದ್ದ. ಅಂಥ ಮನುಷ್ಯ ಅವನು.'"

ಓದುವುದು ಮುಗಿಯಿತು. ಹೊರಗೆ ಕಟ್ಟೆಯ ಮೇಲೆ ಯಾರೋ ಪಕ್ಷಗಾರನ ಹೆಸರು ಕೂಗುತ್ತಿದ್ದರು.

"ಇಷ್ಟ ಸಾಕಾತು ಕಾಕಾ ಅವರಿಗೆ" ಎಂದ ಚನ್ನಬಸಯ್ಯ. "ಜಜ್ ಸಾಹೇಬರು ನಿಕಾಲಿ ತೀರ್ಪಿನ್ಯಾಗ ಇದನ್ನ ಎತ್ತಿ ಬರದಾರ. ವಾದಿಯ ಸಾಕ್ಷಿನ ಹೇಳ್ಯಾನ, ರೊಟ್ಟಿ ಗೆಳೆತನದ್ದು, ಬಾವಿ ಪಾಲಿಂದಲ್ಲ ಅಂತ."

ಗೈಬುಸಾಬ ತನ್ನ ಹೆಬ್ಬಟ್ಟಿನ ಗಾಯವನ್ನು ತಿಕ್ಕಿಕೊಂಡ. ಆಮೇಲೆ, "ಸುಳ್ಳು ಒಂದೂ ಇಲ್ಲಲ್ಲರಿ ಅದರಾಗ" ಎಂದ.

"ಇಲ್ಲ."

"ಬಾಯಿ ಮುಚ್ಚಿಕೊಂಡು ನಿಂತಿದ್ದರ ಬಾವಿ ಉಳೀತಿತ್ತು."

ಚನ್ನಬಸಯ್ಯ ಹೊಲಿದ ಸರತಪಾಸನ್ನು ಮುಂದೆ ಚಾಚಿದ. "ಇದನ್ನಷ್ಟ ತೊಗೊಂಡು ಹೋಗ್ರಿ. ಖೊಟ್ಟಿ ಏನಲ್ಲ, ಸರಕಾರಿ ಮುದ್ರಿ ಐತಿ."

"ಅರ್ಧಾ ಮಾತು ಹ್ಯಾಂಗ ಒಯ್ಯಲಿ? ಅದರದೂ ನಕಲು ಬರೀರಿ. ಎಷ್ಟು ಶಬ್ದ ಆಗತಾವೋ ಎಣಸ್ರಿ."

"ಉದ್ದ ಐತಿ ಕಾಕಾ. ನೀವು ಭಾಳ ಮಾತಾಡೀರಿ."

ಆ ಫೀ ಕಟ್ಟಲು ಅವನು ಕಬ್ಬಿಣದ ಹಾರೆ, ಎರಡು ಸುತ್ತಿಗೆಗಳನ್ನು ಊರಿನ ಫಕೀರಸಾಬನಿಗೆ ಮಾರಿದ. ಕೈ ನಡೆಯದವನಿಗೆ ಹಾರೆ ಯಾಕೆ ಎಂದು ತನಗೆ ತಾನೇ ಹೇಳಿಕೊಂಡ. ಮತ್ತೊಂದು ವಾರದ ಮೇಲೆ ಎರಡು ಕಟ್ಟುಗಳನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಬಾಗೇವಾಡಿಯಿಂದ ಸಿಂದಗಿ, ಸಿಂದಗಿಯಿಂದ ಯಾರದೋ ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟುಕೊಂಡು ಯಂಕಂಚಿ ಮುಟ್ಟಿದಾಗ ಇಳಿಹೊತ್ತಾಗಿತ್ತು.

ಸಿದ್ದಲಿಂಗವ್ವ ತಮ್ಮನ ಮನೆಯ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ನೋಡಿದಳು, ಮೊರ ನಿಲ್ಲಿಸಲಿಲ್ಲ.

"ಯಾರು, ಗೈಬಣ್ಣ ಏನು?"

"ಹೌದು, ವೈನಿ."

"ಕುಂದರು."

ಅವನು ಕೂತ. ಎರಡೂ ಕಟ್ಟು ತೆಗೆದು ಅವಳ ಮುಂದಿಟ್ಟ. "ನಾ ಕೋರ್ಟಿನ್ಯಾಗ ಆಡಿದ್ದು. ನಿನಗ ತೋರಸಾಕ ತಂದೇನಿ. ಇದನ್ನ ಓದಸೂತನಕ ನನಗ ಗೊತ್ತ ಇರಲಿಲ್ಲ, ವೈನಿ. ಬಾವಿ ನಾನ ಕಳದೇನಿ. ಆ ವಕೀಲ ಗುರಪ್ಪನ ಮಾತು ತಗದ. ನಾ ಹಿಗ್ಗಿದ್ನಿ."

"ನನಗ ಗೊತ್ತೈತಿ."

"ಯಾರು ಹೇಳಿದ್ರು?"

"ಹೇಳೂದೇನು. ನಾ ಅಲ್ಲೇ ಕುಂತಿದ್ನೆಲ್ಲ, ಬಾಗಲದ ಹಂತೇಕ." ಅವಳು ಒಂದು ಕಲ್ಲು ಆರಿಸಿ ಒಗೆದಳು. "ನೀ ಒಂದೊಂದು ಹೇಳೂದು, ಆ ಕರೀಕೋಟಿನಂವ ಹೌದೌದು ಅಂತ ತಲಿ ಆಡಸೂದು. ಹೊಲ ಹೋತು ಅಂತ ನನಗ ಅವಾಗ ತಿಳೀತು. ನಿಲ್ಲಸು ಅಂತ ಒದರಾಕ ಎದ್ದಿದ್ನಿ. ನೀ ಮುಳ್ಳಿನ ಮಾತು ತಗದಿ. ಅದು ನನಗೂ ಗೊತ್ತಿರಲಿಲ್ಲ. ಕುಂತು ಬಿಟ್ಟೆ, ಕೇಳಕೋತ."

"ಊರು ಬಿಟ್ಟು ಹೋಗುಮುಂದ ಒಂದು ಮಾತು ಆಡಲಿಲ್ಲ ನೀ."

"ಏನ ಆಡ್ಲಿ? ಬಯ್ದರ ನೀ ಅಂದದ್ದು ಸುಳ್ಳು ಅಂದಂಗ. ಬಯ್ಯಲಿಲ್ಲಂದ್ರ ನನ್ನ ಹೊಟ್ಟಿ ಸುಡೂದು ಸುಳ್ಳು ಅಂದಂಗ."

ಅವನು ತಲೆ ತಗ್ಗಿಸಿದ. ಮೊರದ ಸದ್ದು ಮತ್ತೆ ಶುರುವಾಯಿತು. ಅವಳೇ ಕೇಳಿದಳು. "ಮುಳ್ಳಿಂದು ಇದರಾಗ ಐತೇನು?"

"ಮುಳ್ಳಿಂದು ಇಲ್ಲ. ರೊಟ್ಟಿ ಹೊತ್ತು ತಂದದ್ದು ಐತಿ. ಮುಳ್ಳು ಬರಕೊಂಡಿಲ್ಲ ಅವರು."

"ಯಾವುದ್ರಾಗ ಐತಿ?"

ಅವನು ದಪ್ಪನೆಯ ಕಟ್ಟು ತೋರಿಸಿದ. ಸಿದ್ದಲಿಂಗವ್ವ ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಇನ್ನೊಂದನ್ನು ಒಂದು ಬೆರಳಿನಿಂದ ಅವನ ಕಡೆಗೆ ಸರಿಸಿದಳು.

"ಇದು ನಿಂದು. ನೀ ಇಟಗೊ."

"ಅದನ್ನ ಓದಾಕ ಯಾರದಾರ ನಿನಗ?"

"ಯಾರರೆ ಓದ್ತಾರ." ಅವಳು ಅವನ ಹಿಂದಿನ ಬಯಲನ್ನು ನೋಡಿದಳು. "ಹೊತ್ತಾತು. ಸಿಂದಗಿ ತನಕ ನಡೀಬೇಕಾಗ್ತೈತಿ ಈಗ."

ಮತ್ತೆ ಬಾ ಎಂದು ಅವಳು ಅನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ. ಗೈಬುಸಾಬ ಎದ್ದು, ಉಳಿದ ತೆಳ್ಳನೆಯ ಕಟ್ಟನ್ನು ಜೇಬಿಗೆ ಹಾಕಿಕೊಂಡು ಎರೆಹೊಲದ ನಡುವಿನ ಹಾದಿ ಹಿಡಿದ. ಎದುರಿಗೆ ಬಂದ ಒಬ್ಬ ಕುರುಬ, "ಯಾವೂರಾತು ಯಜಮಾನಾ, ಯಾರ ಮನಿಗೆ ಬಂದಿದ್ದಿ?" ಎಂದು ಕೇಳಿದ. ಗೈಬುಸಾಬ ತನ್ನ ಊರಿನ ಹೆಸರಷ್ಟೇ ಹೇಳಿ ಮುಂದೆ ನಡೆದ.