ಗುಂಡುಪಿನ್ನು ತೆಗೆಯುವಷ್ಟು ಹೊತ್ತು

ಹೆಬ್ಬೆರಳು ಕಂಟ್ರೋಲರಿನ ಗುಂಡಿಯ ಮೇಲೆ ಹೋಯಿತು, ಒತ್ತಬೇಡಪ್ಪಾ, ಒಂದು ಉಸಿರು ತಡಿ — ಒತ್ತಿಯೇ ಬಿಟ್ಟ, ಗಾಜಿನಾಚೆಯ ಪರದೆಯಲ್ಲಿ ಅಕ್ಕನ ಬಾಯಿ ಅರ್ಧ ತೆರೆದದ್ದು ಹಾಗೇ ನಿಂತು, ಮರುಕ್ಷಣ ಕುದುರೆ, ಕತ್ತಿ, ಧೂಳು. ಹೊಸ ವಿಡಿಯೋ ಗೇಮನ್ನು ಆಡಿಸಿ ನೋಡಲು ಕರೆಸಿದವರಲ್ಲಿ ಈ ಬೋಳುತಲೆಯವನೇ ಕೊನೆಯವನು, ಉಳಿದವರೆಲ್ಲ ಅಕ್ಕನ ಮಾತನ್ನು ಹಾರಿಸಿಯೇ ಹೋದರು, ಇವನೂ ಹೀಗೇ ಹಾರಿಸುತ್ತಲೇ ಹೋದರೆ ಅಕ್ಕನ ಮನೆಗೇ ಕತ್ತರಿ, ಟೀಮ್ ಲೀಡ್ ಹೇಳಿಯಾಗಿದೆ, ಬೇಜಾರು ಮಾಡ್ಕೋಬೇಡಿ ಮೇಡಂ, ಕಥೆ ಚೆನ್ನಾಗೇ ಬರ್ದಿದೀರ, ಆದ್ರೆ ಜನ ಬರೋದು ಹೊಡೆದಾಟಕ್ಕೆ, ಒಬ್ಬನಾದ್ರೂ ಪೂರ್ತಿ ಕೇಳಿದ್ರೆ ಇಟ್ಕೊಳ್ಳೋಣ. ಇವರಿಗೆ ಕಥೆಯೆಂದರೆ ಎರಡು ಹೊಡೆದಾಟಗಳ ನಡುವೆ ನೀರು ಕುಡಿಯುವ ಬಿಡುವು, ರಾಜ ಸತ್ತ, ಸೇಡು ತೀರಿಸು, ಮುಗೀತು, ಅಷ್ಟು ಬರೆಯಲು ಅವಳೇ ಆಗಬೇಕಿತ್ತೇ — ಸತ್ತವನು ಯಾರ ಮನೆಯಲ್ಲಿ ಕಣ್ಣು ಬಿಡುತ್ತಾನೆ, ಅದಲ್ಲವೇ ಕಥೆ, ಅದಕ್ಕೇ ಯುದ್ಧದಲ್ಲಿ ಸತ್ತಾಗಲೆಲ್ಲ ಆಟಗಾರ ಅಕ್ಕನ ಮನೆಯಲ್ಲಿ ಏಳುವಂತೆ ಬರೆದಳು, ಅಕ್ಕ ಹೊಲಿಯುತ್ತಿರುತ್ತಾಳೆ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು ಆಮೇಲೆ ಮಾತಾಡುತ್ತಾಳೆ. ಎಡವಟ್ಟಾದದ್ದು ಅಲ್ಲೇ. ಆ ಪಿನ್ ತೆಗೆಯೋದನ್ನ ಕಿತ್ತಾಕಿ ಮೇಡಂ, ಅಷ್ಟೊತ್ತು ಯಾರು ಕಾಯ್ತಾರೆ, ಅಂತ ಲೀಡ್ ಬಡಕೊಂಡ, ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಕಾಯಬೇಕು, ಕಾಯದಿದ್ದರೆ ಅವಳು ಅಕ್ಕ ಹೇಗಾದಾಳು, ಚಿಕ್ಕವಳಿದ್ದಾಗ ಹೊಲಿಗೆ ಮಿಷನ್ನಿನ ಪಕ್ಕ ಚಿಂದಿ ಬಟ್ಟೆಯ ಗುಡ್ಡೆ ಮೇಲೆ ಕೂತು ಅಮ್ಮ ಎಲ್ಲಿಗೆ ಹೋದ್ಲು ಎಂದು ಕೇಳಿದರೆ ಬೆರಳಲ್ಲೇ ಸನ್ನೆ, ತಾಳು ಅಂತ, ಪಿನ್ನುಗಳು ಒಂದೊಂದೇ ಡಬ್ಬಿಗೆ ಬಿದ್ದು ಆಮೇಲೆ ಕಥೆ, ಹೂಂಗುಡೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ ನೋಡೇ, ಹೂಂ, ಹೂಂ, ಆಮೇಲೆ? — ಆಸ್ಪತ್ರೆಯಲ್ಲೂ ಕಾದಳು, ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಪಿನ್ ತೆಗೆಯುವಷ್ಟು ಹೊತ್ತು, ಇನ್ನೊಂದಿಷ್ಟು ಹೊತ್ತು, ನರ್ಸ್ ಬಂದು ಗಲ್ಲ ಎತ್ತಿ ಆ ಬಾಯಿ ಮುಚ್ಚುವವರೆಗೂ ಇವಳು ಹೂಂ ಅನ್ನುತ್ತಲೇ ಇದ್ದಳು. ಈಗ ಮನೆಯಲ್ಲಿ ಫ್ರಿಜ್ಜೊಂದೇ ಗುಂಯ್ ಅನ್ನುತ್ತದೆ, ಹೂಂಗುಡಲು ಯಾರ ಮಾತೂ ಇಲ್ಲ, ಅಷ್ಟು ದೊಡ್ಡ ಆಟದಲ್ಲಿ ಅಕ್ಕನಿಗೊಂದು ಕೋಣೆ ಕೇಳಿದ್ದು ಅತಿಯಾಯಿತೇ.

ಬೋಳುತಲೆ ಮತ್ತೆ ಸತ್ತ. ಅಕ್ಕನ ಮನೆ. ಹೆಬ್ಬೆರಳು — ಇಲ್ಲ, ಅವನ ಫೋನು ಬೆಳಗುತ್ತಿದೆ, ಕಂಟ್ರೋಲರ್ ತೊಡೆಯ ಮೇಲೆ, ಹೆಡ್‌ಫೋನ್ ಕಳಚಿ ಮೇಜಿನ ಮೇಲೆ, ಗೋಡೆಯತ್ತ ತಿರುಗಿ ಯಾರೊಂದಿಗೋ ನಗುತ್ತಿದ್ದಾನೆ, ಪರದೆಯಲ್ಲಿ ಅಕ್ಕ ಒಂದೊಂದೇ ಪಿನ್ ತೆಗೆದಿಡುತ್ತಿದ್ದಾಳೆ, ಯಾರೂ ಒತ್ತುತ್ತಿಲ್ಲ, ಮಾತಾಡುತ್ತಿದ್ದಾಳೆ, ಮೊದಲ ಸಲ ಪೂರ್ತಿ, ದನಿಯೆಲ್ಲ ಮೇಜಿನ ಮೇಲಿನ ಆ ಹೆಡ್‌ಫೋನಿನೊಳಗೆ. ಪಕ್ಕದಲ್ಲಿ ಲ್ಯಾಪ್‌ಟಾಪಿನೊಳಗೇ ಮುಳುಗಿದ್ದ ಲೀಡ್ ತಲೆ ಎತ್ತಿದ, ಪೂರ್ತಿ ಕೇಳ್ದ ಮೇಡಂ, ಇಲ್ಲಿ ತೋರಿಸ್ತಿದೆ ನೋಡಿ, ಉಳೀತು ನಿಮ್ಮಕ್ಕನ ಮನೆ! ಗಾಜಿನತ್ತ ಬೊಟ್ಟು ಮಾಡಲು ಅವಳು ಎತ್ತಿದ ಕೈ ಅಲ್ಲೇ ಇಳಿಯಿತು, ಹೌದಾ, ಅಂದಳು, ಒಳ್ಳೇದಾಯ್ತು — ಏನು ಹೇಳುತ್ತಿದ್ದಾಳೆ ಅಕ್ಕ ಈಗ, ತಾನೇ ಬರೆದ ಮಾತು, ಒಂದಕ್ಷರವೂ ನೆನಪಾಗುತ್ತಿಲ್ಲ, ಹೂಂ, ಅಂದಳು ಗಾಜಿಗೆ, ಹೂಂ, ಹೇಳಕ್ಕಾ, ಆಮೇಲೆ? — ಬಾಯಿ, ಸದ್ದಿಲ್ಲದೆ ತೆರೆದು ಮುಚ್ಚುವ, ತೆರೆದು ಮುಚ್ಚುವ, ತೆರೆದ ಬಾಯಿ