ಕುಡಿಯದೆ ಇಟ್ಟ ಬಟ್ಟಲು

“ನಿಮ್ಮಪ್ಪನ ಸಾಲು ತೆಗೀತಾರಂತೆ ಕಣೇ!” ಚಿಕ್ಕಪ್ಪನ ಮಗಳು ದಲಾಲ್ ಅಡುಗೆಮನೆಗೆ ನುಗ್ಗಿದವಳೇ ಉಸುರಿದಳು.

ಮಯ್ಸೂನ್ ಕಾಫಿಗೆ ಏಲಕ್ಕಿ ಕುಟ್ಟುತ್ತಿದ್ದಳು. “ಯಾವ ಸಾಲು?”

“ಇನ್ಯಾವ್ದು? ಎರಡು ದೇಶ, ಅರವತ್ತೇಳರ ಗಡಿ, ಪೂರ್ವ ಜೆರುಸಲೇಮ್ ಪ್ಯಾಲೆಸ್ಟೀನಿನ ರಾಜಧಾನಿ. ಈ ಸಲದ ಜಂಟಿ ಹೇಳಿಕೇಲಿ ಅದಿರಲ್ವಂತೆ. ನಿಮ್ಮ ಸಚಿವಾಲಯದ ಗಾಲಿಬ್ ಸಾಹೇಬ್ರ ಡ್ರೈವರ್ ಹೇಳ್ದ. ಸಾಹೇಬ್ರೂ ಬಂದಿದ್ದಾರೆ.”

“ಗೋರಿ ಮಣ್ಣು ಇನ್ನೂ ಹಸಿ ಇದೆಯಲ್ಲೇ.”

ಮಧ್ಯಾಹ್ನದ ನಮಾಜಾದ ಮೇಲಷ್ಟೇ ಅವಳ ಅಪ್ಪ ನವ್ವಾಫನನ್ನು ಸಾಲ್ಟ್ ಊರಿನ ಗುಡ್ಡದ ಮೇಲೆ ಮಣ್ಣು ಮಾಡಿ ಬಂದಿದ್ದರು. ವಿದೇಶಾಂಗ ಸಚಿವಾಲಯದಲ್ಲಿ ಜೀವಮಾನವಿಡೀ ಸರ್ಕಾರದ ಹೇಳಿಕೆ ಬರೆದವನು. ಎಷ್ಟೋ ಸಚಿವರು ಬಂದುಹೋದರು, ಆ ಸಾಲು ಮಾತ್ರ ಅವನ ಕೈ ತಪ್ಪಲಿಲ್ಲ. ಈಗ ಅದೇ ಮೇಜಿನ ಮುಂದೆ ಮಗಳು ಕೂತು ಅದೇ ಕೆಲಸ ಮಾಡುತ್ತಿದ್ದಳು.

*

ಅವಳು ಶಾಲೆಗೆ ಹೋಗುತ್ತಿದ್ದಾಗ ಒಂದು ಸಂಜೆ ಅಪ್ಪ ನಗುತ್ತಲೇ ಮನೆಗೆ ಬಂದಿದ್ದ.

“ವಿದೇಶಿ ರಾಯಭಾರಿ ಮನೇಲಿ ಕಾಫಿ ಕೊಟ್ರು. ನಮ್ಮಲ್ಲಿ ಏನಾದ್ರೂ ಕೇಳೋಕೆ ಬಂದ ಅತಿಥಿ ಮಾಡೋ ಹಾಗೆ ಕುಡೀದೆ ಕೆಳಗಿಟ್ಟೆ. ಸಾಲು ಉಳಿಸೋವರೆಗೂ ಮುಟ್ಟಲ್ಲ ಅಂತ.”

“ಅವರಿಗೆ ಗೊತ್ತಾಯ್ತಾ?”

“ಎಲ್ಲಿ! ಕಹಿಯಾಯ್ತೇನೋ ಅಂತ ಸಕ್ಕರೆ ಸುರಿದ ಪುಣ್ಯಾತ್ಮ. ಅರ್ಥ ಮಾಡ್ಸೋಕೆ ಸಂಜೆ ಆಯ್ತು.”

“ಸಾಲು ಉಳೀತಾ?”

“ಉಳೀತು. ಆ ಪಾಯಸಾನೂ ಕುಡಿದೆ, ಥೂ!”

*

ಪಡಸಾಲೆಯಲ್ಲಿ ಚಿಕ್ಕಪ್ಪ ಫವ್ವಾಜ್ ಕಾಫಿ ಸುರಿದುಕೊಟ್ಟ. ಗಾಲಿಬ್ ಸಾಹೇಬರು ಬಟ್ಟಲನ್ನು ತುಟಿಯವರೆಗೂ ಒಯ್ಯದೆ ನೆಲದ ಮೇಲಿಟ್ಟರು. ಏನೋ ಕೇಳಲು ಬಂದಿದ್ದಾರೆಂದು ನೆರೆದವರಿಗೆಲ್ಲ ತಿಳಿಯಿತು.

“ಒಂದು ಮಾತು ನಡೆಸಿಕೊಡಬೇಕು, ಮಗಳೇ. ಹೇಳಿಕೆ ನೀನೇ ಬರೀಬೇಕು. ‘ನ್ಯಾಯವಾದ ಪರಿಹಾರ’ ಅಂದ್ರೆ ಸಾಕು, ಆ ಉದ್ದದ ಸಾಲು ಬೇಡ.”

“ಬೇರೆಯವರೂ ಇದ್ದಾರಲ್ಲ, ಸಾಹೇಬ್ರೆ?”

ಅವರು ಚಾಪೆ ನೋಡಿದರು. “ನವ್ವಾಫನ ಮಗಳೇ ಬರೆದಳು ಅಂದ್ರೆ ಯಾರೂ ಬಾಯಿ ತೆಗೆಯಲ್ಲ.”

“ಓಹೋ. ನಿಮಗೆ ಬೇಕಿರೋದು ಅಪ್ಪನ ಹೆಸರು.”

“ಮಗಳೇ!” ಫವ್ವಾಜ್ ಗದರಿದ. “ಸಾವಿನ ಮನೇಲಿ ಬಂದವರ ಕಾಫಿ ಆರಬಾರದು. ಹೂಂ ಅಂದುಬಿಡು.”

ಮಯ್ಸೂನ್ ಕಾಫಿ ಹೂಜಿ ತೆಗೆದುಕೊಂಡು ಇನ್ನೊಂದು ಬಟ್ಟಲು ತುಂಬಿಸಿ, ಸಾಹೇಬರ ಬಟ್ಟಲಿನ ಪಕ್ಕಕ್ಕಿಟ್ಟಳು. “ಇದು ನಂದು. ಎರಡು ದೇಶ, ಅರವತ್ತೇಳರ ಗಡಿ, ಪೂರ್ವ ಜೆರುಸಲೇಮ್. ಅದಿದ್ರೆ ಬರೀತೀನಿ. ಇಲ್ಲಾಂದ್ರೆ ಆ ಮೇಜು ಬೇರೆಯವರಿಗೆ ಕೊಡಿ.”

“ಮನೆಯವರೇ ಬಟ್ಟಲು ಕೆಳಗಿಡೋದು ಎಲ್ಲಾದ್ರೂ ಉಂಟೇನೇ?” ಫವ್ವಾಜ್ ಹಣೆ ಚಚ್ಚಿಕೊಂಡ.

ಬಾಗಿಲ ಹಿಂದಿನಿಂದ ದಲಾಲ್ ಕಿಸಕ್ಕೆಂದಳು. “ಈ ಸಲ ಸಕ್ಕರೆ ತರಲಾ?”

ಗಾಲಿಬ್ ಸಾಹೇಬರು ತಲೆಯೆತ್ತಿದರು. ನವ್ವಾಫನ ಆ ಸಕ್ಕರೆ ಕತೆ ಸಚಿವಾಲಯದಲ್ಲಿ ಯಾರಿಗೆ ಗೊತ್ತಿರಲಿಲ್ಲ? ನಗು ಬಂತು; ಸಾವಿನ ಮನೆಯೆಂದು ನುಂಗಿಕೊಂಡರು.

“ನಾನೊಬ್ಬನೇ ಮಾತು ಕೊಡೋಕಾಗಲ್ಲಮ್ಮ. ನಾಳೆ ಒಂಬತ್ತಕ್ಕೆ ಸಚಿವರ ಕೋಣೆಗೆ ಬಾ. ಇದನ್ನೇ ಅವರೆದುರಿಗೆ ಹೇಳು. ಬರ್ತೀಯಾ?”

“ಬರ್ತೀನಿ. ಸಾಲು ತಗೊಂಡೇ ಬರ್ತೀನಿ.”

ಸಾಹೇಬರು ತಮ್ಮ ಕೋರಿಕೆಯನ್ನು ಅಲ್ಲಿಗೇ ಬಿಟ್ಟು, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದರು.

ದಲಾಲ್ ಬಟ್ಟಲುಗಳನ್ನು ಎತ್ತಲು ಬಂದಳು. ಖಾಲಿಯದನ್ನು ತೆಗೆದುಕೊಂಡಳು. ತುಂಬಿದ್ದಕ್ಕೆ ಕೈ ಚಾಚುತ್ತಿದ್ದಂತೆ ಫವ್ವಾಜ್ ಅವಳ ಮಣಿಕಟ್ಟು ಹಿಡಿದ.

“ಅದನ್ನ ಮುಟ್ಟಬೇಡ. ನಾಳೆ ಬಂದು ಕುಡೀತಾಳೆ.”